180.01: ಒಂದು ಬಿ.ಎಡ್. ಪಾಠದ ಪ್ರಕರಣ ಅಧ್ಯಯನ

ಬಿ.ಎಡ್. ವಿದ್ಯಾರ್ಥಿಗಳಿಗೆ ಗಣಿತ ಬೋಧನೆ ಕಲಿಸುವುದು ನನ್ನ ಕೆಲಸ. ಇಂಟರ್ನ್‌ಶಿಪ್ ಶುರುವಾದರೆ ಶಾಲೆಯಿಂದ ಶಾಲೆಗೆ ಓಡಾಟ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದು, ಮುಗಿದ ಮೇಲೆ ಪಾಠ ಮಾಡಿದವರ ಜೊತೆ ಕೂತು ಮಾತಾಡುವುದು. ಈ ಬರಹ ಅಂಥ ಒಂದು ಪಾಠದ ಬಗ್ಗೆ. ತರಗತಿ ಒಂಬತ್ತು, ವಿಷಯ ತ್ರಿಭುಜದ ಒಳಕೋನಗಳ ಮೊತ್ತ, ಸಾಧನ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ. ಪಾಠದ ಮಧ್ಯೆ ಒಬ್ಬ ಹುಡುಗಿ ಪರದೆಯ ಮೇಲಿದ್ದ ಮೂರು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಕೂಡಿದಳು. 180 ಬರಬೇಕಿತ್ತು. 180.01 ಬಂತು.

ಆಮೇಲೆ ಏನಾಯಿತು, ಯಾಕೆ ಹಾಗಾಯಿತು, ಅದೇ ಪಾಠ ಮರುದಿನ ಪಕ್ಕದ ಸೆಕ್ಷನ್ನಿನಲ್ಲಿ ಹೇಗೆ ಬದಲಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹೊಸ ಶಿಕ್ಷಕರಿಗೆ ಡಿಜಿಟಲ್ ತಂತ್ರಜ್ಞಾನ ಹೇಗೆ ಕಲಿಸಬೇಕು ಅಂತ ಮಾತು ಬಂದಾಗಲೆಲ್ಲ ನಮ್ಮ ಕಾಲೇಜುಗಳಲ್ಲಿ ಸಲಕರಣೆಯ ಮಾತೇ ಜಾಸ್ತಿ. ಪ್ರೊಜೆಕ್ಟರ್ ಇದೆಯಾ, ಸ್ಮಾರ್ಟ್ ಬೋರ್ಡ್ ಬಂತಾ, ಎಷ್ಟು ಪಿಪಿಟಿ ಮಾಡಿಸಿದಿರಿ? ನಾನು ನೋಡಬೇಕು ಅನ್ನುವುದು ಆ ಹುಡುಗಿಯ ನೋಟ್‌ಬುಕ್ಕನ್ನು.

ಶಾಲೆ ಮತ್ತು ಜನ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ಒಂಬತ್ತನೇ ತರಗತಿಗೆ ಎರಡು ಸೆಕ್ಷನ್. ಒಂದು ಕಂಪ್ಯೂಟರ್ ಲ್ಯಾಬ್ ಇದೆ. ಅದರಲ್ಲಿ ಓಡುವ ಕಂಪ್ಯೂಟರುಗಳು ಕೆಲವೇ. ಒಂದು ಪ್ರೊಜೆಕ್ಟರ್, ಒಂದು ಯುಪಿಎಸ್. ಬ್ಯಾಟರಿ ಹಳೆಯದಾದ್ದರಿಂದ ಕರೆಂಟ್ ಹೋದರೆ ಅದು ಹೆಚ್ಚು ಹೊತ್ತು ತಡೆಯುವುದಿಲ್ಲ. ಇಂಥ ಲ್ಯಾಬ್‌ಗೆ ಎಷ್ಟೋ ಕಡೆ ಬೀಗ ಬಿದ್ದಿರುತ್ತದೆ. ಇಲ್ಲಿ ಬಿದ್ದಿಲ್ಲ. ಅದಕ್ಕೆ ಕಾರಣ ಅಲ್ಲಿನ ಗಣಿತ ಮೇಷ್ಟ್ರು. ತಂತ್ರಜ್ಞಾನ ಬಳಸಿ ಕಲಿಸುವುದಕ್ಕೆ ಶಿಕ್ಷಣ ಇಲಾಖೆ ಕೊಡುವ ಟ್ಯಾಲ್ಪ್ ಎಂಬ ತರಬೇತಿಯಲ್ಲಿ ಅವರು ಉಬುಂಟು, ಲಿಬ್ರೆ ಆಫೀಸ್, ಜಿಯೋಜೀಬ್ರಾ ಕಲಿತು ಬಂದರು. ಬಂದ ಮೇಲೆ ಸುಮ್ನೆ ಕೂರಲಿಲ್ಲ. ಕೆಟ್ಟ ಕೀಬೋರ್ಡ್ ತಾವೇ ಬದಲಿಸುತ್ತಾರೆ, ಲ್ಯಾಬ್ ಕೀ ಅವರ ಜೇಬಿನಲ್ಲೇ ಇರುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗೆ, ಅಂದರೆ ಆ ಪಾಠ ಮಾಡಿದ ಬಿ.ಎಡ್. ವಿದ್ಯಾರ್ಥಿನಿಗೆ, ಅವರೇ ಮಾರ್ಗದರ್ಶಕ ಶಿಕ್ಷಕರು.

ಪ್ರಶಿಕ್ಷಣಾರ್ಥಿ ಬಿ.ಎಸ್ಸಿ. ಮುಗಿಸಿ ಬಂದವರು. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ. ಗಣಿತ ಚೆನ್ನಾಗಿ ಗೊತ್ತು. ತರಗತಿಗೆ ತಯಾರಿ ಮಾಡದೆ ಹೋಗುವವರಲ್ಲ. ಇವರ ಬ್ಯಾಚಿನವರ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. 2020ರಲ್ಲಿ ಕೊರೊನಾ ಬಂದಾಗ ಇವರೆಲ್ಲ ಇನ್ನೂ ವಿದ್ಯಾರ್ಥಿಗಳು. ಮೊಬೈಲಿನಲ್ಲಿ ಪಾಠ ಕೇಳಿ, ವಾಟ್ಸಾಪಿನಲ್ಲಿ ನೋಟ್ಸ್ ತೆಗೆದುಕೊಂಡು, ಯೂಟ್ಯೂಬ್ ನೋಡಿ ಪರೀಕ್ಷೆ ಬರೆದವರು. ಡಿಜಿಟಲ್ ಪಾಠ ಎಂದರೆ ಇವರ ಮನಸ್ಸಿನಲ್ಲಿ ಮೂಡುವ ಚಿತ್ರ ಆಗ ಬಂದದ್ದು: ಒಂದು ಕಡೆ ಪರದೆ ಮಾತಾಡುತ್ತದೆ, ಇನ್ನೊಂದು ಕಡೆ ನಾವು ನೋಡುತ್ತೇವೆ. ಮೊಬೈಲ್ ಬಳಸುವುದರಲ್ಲಿ ಇವರು ನಮಗಿಂತ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರದೆಯ ಮುಂದೆ ಕೂತ ಮಗು ಎದ್ದುನಿಂತು ಪ್ರಶ್ನೆ ಕೇಳುವುದನ್ನು ಇವರು ನೋಡಿಯೇ ಇಲ್ಲ. ಕೇಳಲು ಆಗಿನ ಪಾಠದಲ್ಲಿ ಜಾಗವೇ ಇರಲಿಲ್ಲ, ಅಲ್ವಾ?

ಕಾಲೇಜಿನಿಂದ ಏನು ಕಲಿತು ಹೋಗಿದ್ದರು

ಶಿಕ್ಷಕರ ಶಿಕ್ಷಣಕ್ಕೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ಬಿ.ಎಡ್. ಎರಡು ವರ್ಷದ ಕೋರ್ಸ್ ಆಯಿತು. 20 ವಾರ ಶಾಲೆಯಲ್ಲಿ ಕಳೆಯಬೇಕು, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಐಸಿಟಿಗೆ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನಕ್ಕೆ, ಪ್ರತ್ಯೇಕ ಪತ್ರಿಕೆಯೂ ಬಂತು. ಅದರ ಹೆಸರಿನಲ್ಲೇ ತಂತ್ರಜ್ಞಾನವನ್ನು ವಿಮರ್ಶೆಯ ಕಣ್ಣಿನಿಂದ ನೋಡಬೇಕು ಅನ್ನುವ ಮಾತಿದೆ. ಉದ್ದೇಶ ಒಳ್ಳೆಯದೇ. ಕೆಳಗೆ ಬರುವ ಹೊತ್ತಿಗೆ ಅದು ಎಂಎಸ್ ವರ್ಡ್, ಎಕ್ಸೆಲ್, ಪಿಪಿಟಿ, ಒಂದು ಇಮೇಲ್ ಅಕೌಂಟ್, ಒಂದು ಫೈಲ್ ಆಗುತ್ತದೆ. ಫೈಲಿಗೆ ಬಣ್ಣದ ರಟ್ಟು ಹಾಕಿ ಸಹಿ ಮಾಡಿಸಿದರೆ ಅಂಕ ಬರುತ್ತದೆ.

ಇದಕ್ಕೊಂದು ಹಿನ್ನೆಲೆಯೂ ಇದೆ. ಶಾಲೆಗೆ ತಂತ್ರಜ್ಞಾನ ತರುವಾಗ ನಮ್ಮ ದೇಶದಲ್ಲಿ ಮೊದಲು ಪೆಟ್ಟಿಗೆ ಬಂದಿದೆ, ಶಿಕ್ಷಕರ ತಯಾರಿ ಆಮೇಲೆ. 1984ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸುವ ಕ್ಲಾಸ್ ಎಂಬ ಯೋಜನೆಯಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿತು. ಪ್ರಾಥಮಿಕ ಶಾಲೆಗಳಿಗೆ ಅದರ ಪ್ರಯೋಗ ನಡೆದದ್ದು ನಮ್ಮ ಚಾಮರಾಜನಗರದಲ್ಲೇ. 2017ರ ಸೆಪ್ಟೆಂಬರ್ 5ರಂದು ಶಿಕ್ಷಕರಿಗೂ ಮಕ್ಕಳಿಗೂ ಡಿಜಿಟಲ್ ಪಾಠ ಒದಗಿಸುವ ದೀಕ್ಷಾ ಜಾಲತಾಣ ಶುರುವಾಯಿತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು. ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುವುದು ಹೇಗೆ ಎಂದು ಐದು ನಿಮಿಷದಲ್ಲಿ ಕಲಿಸಬಹುದು. ಅದರಿಂದ ಬಂದ ವಿಡಿಯೊವನ್ನು ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಮಕ್ಕಳಿಗೆ ಏನು ಕೇಳಬೇಕು ಎಂಬುದನ್ನು ಕಲಿಯಲು ಕಾಲ ಬೇಕು, ತಿದ್ದುವವರೂ ಬೇಕು.

ಇನ್ನೊಂದು ತೊಂದರೆ ಅಣಕು ಪಾಠದ್ದು. ಸೂಕ್ಷ್ಮ ಬೋಧನೆ ಎಂದು ನಾವು ಮಾಡಿಸುವುದು 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮ. ಒಂದು ಕೌಶಲ, ಐದಾರು ನಿಮಿಷ, ಸಣ್ಣ ಗುಂಪು. ನಮ್ಮಲ್ಲಿ ಆ ಸಣ್ಣ ಗುಂಪಿನಲ್ಲಿ ಮಕ್ಕಳಾಗಿ ಕೂರುವುದು ಸಹಪಾಠಿಗಳು. ಅವರಿಗೆ ಉತ್ತರ ಗೊತ್ತು. ಗೆಳತಿಗೆ ಕಷ್ಟ ಆಗಬಾರದು ಅಂತ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಈ ಪಾಠವನ್ನೂ ಕಾಲೇಜಿನಲ್ಲಿ ಒಮ್ಮೆ ಮಾಡಿ ನೋಡಿದ್ದರು. ಆಗ ಯಾರೂ ಕೂಡಿ ನೋಡಲಿಲ್ಲ. ಮೊತ್ತ 180 ಎಂದು ಎಲ್ಲರಿಗೂ ಗೊತ್ತಿರುವಾಗ ಯಾರು ಕೂಡುತ್ತಾರೆ?

ಪಾಠ

ಜಿಯೋಜೀಬ್ರಾವನ್ನು 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದರು. ರೇಖಾಗಣಿತ ಕಲಿಸುವವರಿಗೆ ಅದು ದೊಡ್ಡ ವರ ಎಂದೇ ನನ್ನ ನಂಬಿಕೆ. ಬೋರ್ಡಿನ ಮೇಲೆ ಬರೆದ ತ್ರಿಭುಜ ಅಲ್ಲಾಡುವುದಿಲ್ಲ. ನಾವು ಬರೆಯುವ ತ್ರಿಭುಜವೂ ಯಾವಾಗಲೂ ಒಂದೇ ಥರ: ಕೆಳಗೆ ನೇರ ಪಾದ, ಮೇಲೆ ಒಂದು ಮೊನೆ, ನೋಡಲು ಸುಮಾರಾಗಿ ಸಮಬಾಹು. ಮಕ್ಕಳು ತ್ರಿಭುಜ ಎಂದರೆ ಅದೇ ಅಂದುಕೊಳ್ಳುತ್ತಾರೆ. ಓರೆಯಾಗಿ ನಿಂತ ಲಂಬಕೋನ ತ್ರಿಭುಜವನ್ನು ಗುರುತಿಸದ ಒಂಬತ್ತನೇ ತರಗತಿ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಜಿಯೋಜೀಬ್ರಾದಲ್ಲಿ ಒಂದು ಶೃಂಗವನ್ನು ಮೌಸಿನಿಂದ ಹಿಡಿದು ಎಳೆದರೆ ತ್ರಿಭುಜ ಚಪ್ಪಟೆಯಾಗುತ್ತದೆ, ಉದ್ದವಾಗುತ್ತದೆ, ತಲೆಕೆಳಗಾಗುತ್ತದೆ. ಕೋನಗಳ ಅಳತೆ ಕಣ್ಣೆದುರೇ ಬದಲಾಗುತ್ತದೆ. ಮೊತ್ತ ಮಾತ್ರ ಬದಲಾಗುವುದಿಲ್ಲ.

ನಮ್ಮ ಪ್ರಶಿಕ್ಷಣಾರ್ಥಿ ತಯಾರಿಸಿದ್ದ ಫೈಲ್ ಅಚ್ಚುಕಟ್ಟಾಗಿತ್ತು. ಒಂದು ತ್ರಿಭುಜ, ಮೂರು ಕೋನಗಳಿಗೆ ಮೂರು ಬಣ್ಣ, ಬಲಗಡೆ ಮೂರು ಅಳತೆಗಳು, ಅವುಗಳ ಕೆಳಗೆ ದಪ್ಪ ಅಕ್ಷರದಲ್ಲಿ ಮೊತ್ತ. ಪಾಠ ಯೋಜನೆ ಐದು ಹಂತಗಳ 5ಇ ಕ್ರಮದಲ್ಲಿತ್ತು. ತೊಡಗಿಸಿಕೊಳ್ಳುವುದು, ಅನ್ವೇಷಿಸುವುದು ಎಂದು ಒಂದೊಂದು ಹಂತಕ್ಕೂ ನಿಮಿಷ ಬರೆದಿಟ್ಟಿದ್ದರು. ಅವಧಿ 40 ನಿಮಿಷ. ಮಕ್ಕಳು ತರಗತಿಯಿಂದ ಲ್ಯಾಬಿಗೆ ಬಂದು ಕೂರುವಷ್ಟರಲ್ಲಿ ಅದರಲ್ಲಿ ಒಂದಿಷ್ಟು ಹೋಗಿತ್ತು. ಕಿಟಕಿಗೆ ಪರದೆ ಇಲ್ಲ, ಬೆಳಕು ನೇರ ಗೋಡೆಗೆ. ಹಿಂದೆ ಕೂತ ನನಗೆ ಬಣ್ಣ ಕಾಣುತ್ತಿತ್ತು, ಸಂಖ್ಯೆ ಕಷ್ಟಪಟ್ಟು ಕಾಣುತ್ತಿತ್ತು.

ಶೃಂಗ ಎಳೆದಾಗ ಮಕ್ಕಳು ನಿಜಕ್ಕೂ ಖುಷಿಪಟ್ಟರು. "ಇನ್ನೂ ಎಳೀರಿ ಮಿಸ್" ಅಂದರು. ಎಳೆದರು. ಮೊತ್ತ 180. ಮತ್ತೆ ಎಳೆದರು. 180. "ನೋಡಿ, ಎಷ್ಟು ಎಳೆದರೂ 180 ಡಿಗ್ರಿನೇ" ಎಂದರು. ತರಗತಿಯೆಲ್ಲ ಒಟ್ಟಿಗೆ 180 ಅಂದಿತು.

ಆಗ ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು. ಪರದೆಯ ಮೇಲೆ ಇದ್ದದ್ದು 51.45, 62.34, 66.22. ಕೆಳಗೆ ಮೊತ್ತ 180. ಅವಳು ಆ ಮೂರನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೆ ಒಂದು ಬರೆದು ಕೂಡಿದ್ದಳು. "ಮಿಸ್, ನನಗೆ 180.01 ಬರ್ತಿದೆ."

ಪ್ರಶಿಕ್ಷಣಾರ್ಥಿ ಪರದೆ ನೋಡಿದರು. ಅಲ್ಲಿ 180 ಇತ್ತು. "ಕಂಪ್ಯೂಟರ್ 180 ಅಂತಲೇ ತೋರಿಸ್ತಿದೆ ನೋಡು. ನೀನು ಕೂಡೋದ್ರಲ್ಲಿ ತಪ್ಪಾಗಿರಬೇಕು, ಇನ್ನೊಂದು ಸಲ ಕೂಡು" ಎಂದು ಮುಂದೆ ಹೋದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಪ್ರೀತಿಯಿಂದಲೇ ಹೇಳಿದರು.

ಹುಡುಗಿ ಕೂತು ಮತ್ತೆ ಕೂಡಿದಳು. ನಾನು ಪಕ್ಕದ ಸಾಲಿನಲ್ಲಿದ್ದೆ, ಅವಳ ಪುಸ್ತಕ ಕಾಣುತ್ತಿತ್ತು. ಬಲಗಡೆಯಿಂದ 5, 4, 2 ಕೂಡಿ 11. 1 ಬರೆದು ದಶಕ 1 ಮೇಲೆ. ಮತ್ತೆ 180.01. ಪಕ್ಕದವಳಿಗೆ ತೋರಿಸಿದಳು. ಪಕ್ಕದವಳು ಪರದೆಯ ಕಡೆ ಕೈ ತೋರಿಸಿದಳು. ಇವಳು ಕೊನೆಯ .01 ಅನ್ನು ಹೊಡೆದು ಹಾಕಿ 180 ಎಂದು ಬರೆದುಕೊಂಡಳು.

ಪಾಠ ನಿಗದಿತ ಸಮಯಕ್ಕೆ ಮುಗಿಯಿತು. ಮೌಲ್ಯಮಾಪನದ ಪ್ರಶ್ನೆಗಳಿಗೆಲ್ಲ ಮಕ್ಕಳು ಸರಿ ಉತ್ತರ ಕೊಟ್ಟರು. ಎರಡು ಕೋನ ಕೊಟ್ಟು ಮೂರನೆಯದು ಎಷ್ಟು ಅಂದರೆ ಥಟ್ಟನೆ ಹೇಳಿದರು. ನಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಬೋಧನೋಪಕರಣ, ಐಸಿಟಿ ಬಳಕೆ ಎಂದು ಕಲಂಗಳಿವೆ. ಎಲ್ಲದಕ್ಕೂ ಒಳ್ಳೆಯ ಅಂಕ ಕೊಡಬಹುದಾದ ಪಾಠ ಅದು. ಆ ಹುಡುಗಿಗೆ ಆದದ್ದನ್ನು ಬರೆಯಲು ನಮೂನೆಯಲ್ಲಿ ಒಂದು ಗೆರೆಯೂ ಇಲ್ಲ.

180.01 ಎಲ್ಲಿಂದ ಬಂತು

ಹುಡುಗಿಯ ಕೂಡುವಿಕೆ ಸರಿಯಾಗಿತ್ತು. ಜಿಯೋಜೀಬ್ರಾ ಕೂಡ ತಪ್ಪು ಮಾಡಿರಲಿಲ್ಲ. ಅದು ಒಳಗೆ ಕೋನಗಳನ್ನು ಹಲವು ದಶಮಾಂಶ ಸ್ಥಾನಗಳವರೆಗೆ ಇಟ್ಟುಕೊಂಡಿರುತ್ತದೆ. ತೋರಿಸುವಾಗ ಮಾತ್ರ, ನಾವು ಬದಲಿಸದಿದ್ದರೆ, ಎರಡು ಸ್ಥಾನಕ್ಕೆ ಕತ್ತರಿಸಿ ಹತ್ತಿರದ ಸಂಖ್ಯೆ ತೋರಿಸುತ್ತದೆ. ಆ ತ್ರಿಭುಜದ ಕೋನಗಳು ಮೂರು ಸ್ಥಾನದವರೆಗೆ 51.447, 62.336, 66.217. ಕೂಡಿದರೆ ಸರಿಯಾಗಿ 180. ಎರಡು ಸ್ಥಾನಕ್ಕೆ ತಂದಾಗ ಮೂರೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋದವು. ಆ ಚೂರುಗಳೆಲ್ಲ ಸೇರಿ 0.01 ಆಯಿತು. ಪರದೆಯ ಮೊತ್ತವನ್ನು ತಂತ್ರಾಂಶ ಒಳಗಿನ ಪೂರ್ತಿ ಸಂಖ್ಯೆಗಳಿಂದ ಲೆಕ್ಕ ಹಾಕಿತ್ತು, ಹುಡುಗಿ ಕಣ್ಣಿಗೆ ಕಂಡ ಸಂಖ್ಯೆಗಳಿಂದ ಲೆಕ್ಕ ಹಾಕಿದ್ದಳು. ಎರಡೂ ಸರಿ.

ಇದು ಅಪರೂಪಕ್ಕೆ ಆಗುವುದಲ್ಲ. ಒಂದೊಂದು ಕೋನದಲ್ಲೂ ಹೆಚ್ಚೆಂದರೆ 0.005 ವ್ಯತ್ಯಾಸ ಆಗಬಹುದು. ಮೂರೂ ಸೇರಿದರೆ 0.015. ಹಾಗಾಗಿ ಕೈಯಲ್ಲಿ ಕೂಡಿದರೆ 179.99, 180, 180.01 ಈ ಮೂರರಲ್ಲಿ ಒಂದು ಬರುತ್ತದೆ. 180.02 ಬರುವುದಿಲ್ಲ. ಸುಮ್ಮನೆ ಮನಸ್ಸಿಗೆ ಬಂದಂತೆ ಶೃಂಗ ಎಳೆಯುತ್ತಾ ಹೋದರೆ ಸರಾಸರಿ ನಾಲ್ಕು ತ್ರಿಭುಜದಲ್ಲಿ ಒಂದಕ್ಕೆ ಮೊತ್ತ 180 ಬರುವುದಿಲ್ಲ. ಅಂದರೆ 40 ಮಕ್ಕಳು 40 ಬೇರೆ ಬೇರೆ ತ್ರಿಭುಜ ತೆಗೆದುಕೊಂಡು ಕೂಡಿದರೆ ಸುಮಾರು ಹತ್ತು ಮಕ್ಕಳ ಉತ್ತರ ಪರದೆಗೆ ಹೊಂದುವುದಿಲ್ಲ. ಈ ಪಾಠ ಮಾಡುವ ಯಾರಿಗಾದರೂ ಇಂದಲ್ಲ ನಾಳೆ ಈ ಪ್ರಶ್ನೆ ಬಂದೇ ಬರುತ್ತದೆ. ಬರುತ್ತಿಲ್ಲ ಎಂದರೆ ಮಕ್ಕಳು ಕೂಡುತ್ತಿಲ್ಲ ಎಂದೇ ಅರ್ಥ.

ಪಾಠದ ನಂತರದ ಮಾತು

ಮಧ್ಯಾಹ್ನ ಊಟದ ನಂತರ ಮೂವರೂ ಲ್ಯಾಬಿನಲ್ಲಿ ಕೂತೆವು. ಪಾಠ ಹೇಗಾಯಿತು ಅಂತ ಪ್ರಶಿಕ್ಷಣಾರ್ಥಿಯನ್ನು ಕೇಳಿದೆ. ಚೆನ್ನಾಗಿ ಆಯಿತು ಅಂದರು. ಆಮೇಲೆ ಆ ಹುಡುಗಿಯ ವಿಷಯ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇದು: "ಸರ್, ಯಾವಾಗ ಕರೆಂಟ್ ಹೋಗುತ್ತೋ ಅಂತ ಭಯ ಇತ್ತು. ಅದಕ್ಕೇ ಬೇಗ ಬೇಗ ಹೋದೆ. ಮತ್ತೆ, ಯಾಕೆ ಹಾಗೆ ಬಂತು ಅಂತ ಆ ಕ್ಷಣಕ್ಕೆ ನನಗೂ ಹೊಳೆಯಲಿಲ್ಲ."

ಎರಡೂ ನಿಜವಾದ ಕಾರಣಗಳು. ಎರಡನ್ನೂ ಬಿಡಿಸಿ ನೋಡಬೇಕು.

ಕರೆಂಟಿನ ಭಯ ಚಿಕ್ಕ ವಿಷಯ ಅಲ್ಲ. ಸಲಕರಣೆಯನ್ನು ನಂಬಲಾಗದ ಕಡೆ ಶಿಕ್ಷಕರು ಅದು ಓಡುತ್ತಿರುವಾಗಲೇ ಎಲ್ಲವನ್ನೂ ತೋರಿಸಿಬಿಡಬೇಕು ಎಂದು ಧಾವಿಸುತ್ತಾರೆ. ಮಕ್ಕಳ ಪ್ರಶ್ನೆ ಆಗ ಅಡ್ಡಿಯಾಗಿ ಕಾಣುತ್ತದೆ. ತಂತ್ರಜ್ಞಾನ ಇದ್ದ ತರಗತಿಯಲ್ಲಿ ಮಾತು ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ಉಪಾಯ ಇದೆ: ಕರೆಂಟ್ ಹೋದರೂ ಪಾಠ ನಡೆಯುವ ಹಾಗೆ ಯೋಜನೆ ಇರಬೇಕು. ಪರದೆ ಹತ್ತು ನಿಮಿಷ ಸಾಕು, ಉಳಿದದ್ದು ಪುಸ್ತಕ, ಬೋರ್ಡು, ಮಾತು.

ಎರಡನೇ ಕಾರಣ ಇನ್ನೂ ಮುಖ್ಯ. ದಶಮಾಂಶವನ್ನು ಹತ್ತಿರದ ಬೆಲೆಗೆ ತರುವುದು ಇವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಜಿಯೋಜೀಬ್ರಾ ಗೊತ್ತಿಲ್ಲವೇ? ಅದೂ ಗೊತ್ತು. ಮಕ್ಕಳನ್ನು ಮಾತಾಡಿಸುವುದು? ಅದರಲ್ಲೂ ಒಳ್ಳೆಯವರೇ. ಮೂರೂ ಬೇರೆ ಬೇರೆ ಡಬ್ಬದಲ್ಲಿ ಇದ್ದವು. 1986ರಲ್ಲಿ ಶಿಕ್ಷಣ ಸಂಶೋಧಕ ಲೀ ಶುಲ್ಮನ್ ಹೇಳಿದ್ದು ವಿಷಯ ಗೊತ್ತಿರುವುದು ಬೇರೆ, ಅದನ್ನು ಕಲಿಸುವ ರೀತಿಯಲ್ಲಿ ತಿಳಿದಿರುವುದು ಬೇರೆ ಎಂದು. 2006ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ವಿಷಯ, ಬೋಧನೆ, ತಂತ್ರಜ್ಞಾನ ಮೂರರ ತಿಳಿವಳಿಕೆ ಒಂದಾಗುವ ಇದನ್ನು ಟಿಪ್ಯಾಕ್ ಎಂದು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮೂರು ವೃತ್ತ ಬರೆದು ವಿವರಿಸುತ್ತಾರೆ. ಆ ಮೂರು ವೃತ್ತ ಒಂದರ ಮೇಲೊಂದು ಬರುವ ಜಾಗ ಹೇಗಿರುತ್ತದೆ ಅಂದರೆ, ಮೂರನೇ ಸಾಲಿನ ಹುಡುಗಿ 180.01 ಅಂದ ಕ್ಷಣದ ಹಾಗಿರುತ್ತದೆ. ಅದನ್ನು ಪರೀಕ್ಷೆಗೆ ಓದಿ ಕಲಿಯಲು ಆಗುವುದಿಲ್ಲ.

ನನಗೆ ಕಸಿವಿಸಿಯಾದದ್ದು "ಕಂಪ್ಯೂಟರ್ 180 ಅಂತಲೇ ತೋರಿಸ್ತಿದೆ" ಎಂಬ ಮಾತು. ಗಣಿತದ ತರಗತಿಯಲ್ಲಿ ಮಗು ತಾನೇ ಮಾಡಿದ ಲೆಕ್ಕವನ್ನು ನಂಬಬೇಕು, ಅದರಲ್ಲಿ ಅನುಮಾನ ಬಂದರೆ ಕಾರಣ ಹುಡುಕಬೇಕು. ಇಲ್ಲಿ ಆ ಹುಡುಗಿ ಎರಡು ಸಲ ಸರಿಯಾಗಿ ಕೂಡಿ, ಯಂತ್ರ ಬೇರೆ ಹೇಳುತ್ತಿದೆ ಎಂಬ ಒಂದೇ ಕಾರಣಕ್ಕೆ ತನ್ನ ಸರಿ ಉತ್ತರವನ್ನು ಹೊಡೆದು ಹಾಕಿದಳು. ಹಿಂದೆ ಪುಸ್ತಕದಲ್ಲಿ ಹಾಗೇ ಇದೆ ಎನ್ನುತ್ತಿದ್ದೆವು, ಈಗ ಪರದೆಯಲ್ಲಿ ಹಾಗೇ ಇದೆ ಎನ್ನುತ್ತೇವೆ. ಎಐ ಉತ್ತರಗಳು ಮಕ್ಕಳ ಕೈಗೇ ಬರುತ್ತಿರುವ ಈ ಕಾಲದಲ್ಲಿ ಈ ಅಭ್ಯಾಸ ಒಂಬತ್ತನೇ ತರಗತಿಯಲ್ಲೇ ಬೇರೂರುವುದನ್ನು ನೋಡಿದರೆ ನನಗೆ ನಿಜವಾಗಿ ಚಿಂತೆಯಾಗುತ್ತದೆ.

ಮೇಷ್ಟ್ರು ಅಷ್ಟೊತ್ತು ಕೇಳಿಸಿಕೊಂಡಿದ್ದವರು ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು ದಶಮಾಂಶ ಸ್ಥಾನದ ಆಯ್ಕೆಯನ್ನು ಎರಡರಿಂದ ಮೂರಕ್ಕೆ ಬದಲಿಸಿದರು. ಅದೇ ತ್ರಿಭುಜ, ಈಗ ಕೈಯಲ್ಲಿ ಕೂಡಿದರೂ ಸರಿಯಾಗಿ 180. ಪ್ರಶಿಕ್ಷಣಾರ್ಥಿಯ ಮುಖ ಅರಳಿತು. "ಹಾಗಾದರೆ ನಾಳೆ ಮೂರು ಸ್ಥಾನ ಇಟ್ಕೊಂಡು ಹೋಗ್ತೀನಿ" ಅಂದರು. ಮೇಷ್ಟ್ರು ಶೃಂಗವನ್ನು ಸ್ವಲ್ಪ ಎಳೆದು ಮತ್ತೆ ಕೂಡಲು ಹೇಳಿದರು. ಒಂದೆರಡು ತ್ರಿಭುಜ ದಾಟುವಷ್ಟರಲ್ಲಿ 180.001 ಬಂತು. ಸೆಟ್ಟಿಂಗ್ ಬದಲಿಸಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದು ಆಗ ಅವರಿಗೇ ಗೊತ್ತಾಯಿತು. ಆಮೇಲೆ ಮಾತು ಬೇರೆ ದಾರಿ ಹಿಡಿಯಿತು: ಮರುದಿನ ಬಿ ಸೆಕ್ಷನ್ನಿನಲ್ಲಿ ಇದೇ ಪ್ರಶ್ನೆಯನ್ನು ನಾವಾಗಿಯೇ ತಂದರೆ?

ಬಿ ಸೆಕ್ಷನ್

ಮೇಷ್ಟ್ರ ಸಲಹೆಯಂತೆ ಪಾಠ ಕಾಗದದಿಂದ ಶುರುವಾಯಿತು. ಎಲ್ಲರೂ ತಮಗೆ ಬೇಕಾದ ತ್ರಿಭುಜ ಬರೆದು ಕೋನಮಾಪಕದಿಂದ ಅಳೆದು ಕೂಡಿದರು. ಮೊತ್ತಗಳನ್ನು ಬೋರ್ಡಿನ ಮೇಲೆ ಸಾಲಾಗಿ ಬರೆದರು: 179, 181, 180, 178, 183. "ಯಾವುದು ಸರಿ?" ಎಂದು ಕೇಳಿದಾಗ ಹಲವರು 180 ಅಂದರು. ಯಾಕೆ ಅಂದರೆ, ಏಳನೇ ತರಗತಿಯಲ್ಲಿ ಕಲಿತಿದ್ದೇವೆ. 183 ಬಂದ ಹುಡುಗ ತನ್ನ ಪೆನ್ಸಿಲ್ ದಪ್ಪ ಅಂದ. ಇನ್ನೊಬ್ಬಳು ಕೋನಮಾಪಕದ ಸೊನ್ನೆ ಗೆರೆ ಸರಿಯಾಗಿ ಕೂರಲಿಲ್ಲ ಅಂದಳು. ಅಳತೆಯಲ್ಲಿ ತಪ್ಪು ನುಸುಳುತ್ತದೆ ಎಂಬುದು ಮಕ್ಕಳ ಬಾಯಿಂದಲೇ ಬಂತು.

ನಂತರ ಪರದೆ. ಈ ಸಲ ಫೈಲಿನಲ್ಲಿ ಮೊತ್ತವನ್ನು ಮರೆಮಾಡಿದ್ದರು. ಅಕ್ಷರದ ಗಾತ್ರ ದೊಡ್ಡದು ಮಾಡಿದ್ದರು. ಒಂದೊಂದು ಬೆಂಚಿಗೆ ಒಂದೊಂದು ತ್ರಿಭುಜ. ಬೆಂಚಿನಿಂದ ಒಬ್ಬರು ಬಂದು ಶೃಂಗ ಎಳೆದು ನಿಲ್ಲಿಸುವುದು, ಉಳಿದವರು ಮೂರು ಸಂಖ್ಯೆ ಬರೆದುಕೊಂಡು ಕೂಡುವುದು. ಮೊದಲು ಗಂಡು ಹುಡುಗರೇ ಮೌಸಿಗೆ ನುಗ್ಗಿದರು. ಮೇಷ್ಟ್ರು ಒಂದೇ ಮಾತಿನಲ್ಲಿ ಸರದಿ ಮಾಡಿದರು. (ಮೌಸ್ ಯಾರ ಕೈಯಲ್ಲಿದೆ ಎಂದು ಗಮನಿಸಿ ನೋಡಿ. ಯಾರೂ ನೋಡದಿದ್ದರೆ ಅದು ಇಡೀ ಅವಧಿ ಇಬ್ಬರು ಮೂವರ ಕೈಯಲ್ಲೇ ಇರುತ್ತದೆ.)

ಬೋರ್ಡಿನ ಎರಡನೇ ಸಾಲು ತುಂಬತೊಡಗಿತು. 180, 180, 179.99, 180, 180.01, 180. ತರಗತಿಯಲ್ಲಿ ಗುಸುಗುಸು ಶುರು. ಒಬ್ಬ ಹುಡುಗ ಎದ್ದು ಕೇಳಿದ: "ಮಿಸ್, ಕಂಪ್ಯೂಟರ್ ಕೈಯಲ್ಲೂ ಕೋನಮಾಪಕ ಇದೆಯಾ?"

ಇಂಥ ಪ್ರಶ್ನೆ ಯಾವ ಪಾಠ ಯೋಜನೆಯಲ್ಲೂ ಬರೆದಿಡಲು ಆಗುವುದಿಲ್ಲ. ಪ್ರಶಿಕ್ಷಣಾರ್ಥಿ ಈ ಸಲ ಮುಂದೆ ಓಡಲಿಲ್ಲ. 10 ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಿ ಎಂದರು. ತಲಾ 3.33. ಮತ್ತೆ ಕೂಡಿ ಎಂದರು. 9.99. "ಒಂದು ಪೈಸೆ ಎಲ್ಲಿ ಹೋಯ್ತು?" ಮಕ್ಕಳಿಗೆ ಅದು ತಕ್ಷಣ ಹಿಡಿಯಿತು. 3.33 ಎಂದು ನಿಲ್ಲಿಸಿದ್ದೇ ನಾವು, ಮುಂದೆ 3 ಬರುತ್ತಲೇ ಇರುತ್ತದೆ ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಪರದೆಯ ಮೇಲಿನ ಸಂಖ್ಯೆಗಳಿಗೂ ಬಾಲ ಇದೆ, ಅದನ್ನು ತಂತ್ರಾಂಶ ಮಡಚಿಟ್ಟಿದೆ ಎಂಬಲ್ಲಿಗೆ ತಲುಪಿದರು.

ಆಮೇಲೆ ಬಂದದ್ದು ಎ ಸೆಕ್ಷನ್ನಿನಲ್ಲಿ ಬರದೇ ಹೋದ ಪ್ರಶ್ನೆ. "ಕಾಗದದ ಅಳತೆ ಪೂರ್ತಿ ಸರಿ ಇಲ್ಲ. ಕಂಪ್ಯೂಟರಿನ ಅಳತೆಯೂ ಒಂದು ಮಿತಿಯವರೆಗೆ ಮಾತ್ರ. ನಾವು ನೋಡಿದ್ದೂ ಕೆಲವೇ ತ್ರಿಭುಜ. ಹಾಗಾದರೆ ಎಲ್ಲ ತ್ರಿಭುಜಕ್ಕೂ 180 ಅಂತ ಹೇಗೆ ಹೇಳೋದು?" ಇಷ್ಟು ಕೇಳಿ ಅವರು ಪ್ರೊಜೆಕ್ಟರ್ ಆಫ್ ಮಾಡಿದರು. ಬೋರ್ಡಿನಲ್ಲಿ ಒಂದು ತ್ರಿಭುಜ ಬರೆದು, ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರು. ಪರ್ಯಾಯ ಕೋನಗಳು ಸಮ ಎಂದು ಮಕ್ಕಳಿಗೆ ಆಗಲೇ ಗೊತ್ತಿತ್ತು. ಕೆಳಗಿನ ಎರಡು ಕೋನ ಮೇಲಿನ ಗೆರೆಗೆ ಬಂದು ಸೇರಿದವು. ಮೂರೂ ಕೂಡಿ ಒಂದು ಸರಳ ರೇಖೆ. ಇಲ್ಲಿ ಅಳತೆಯೇ ಇಲ್ಲ, ಹಾಗಾಗಿ 0.01ಕ್ಕೆ ಜಾಗವೂ ಇಲ್ಲ. ಒಂಬತ್ತನೇ ತರಗತಿಯಲ್ಲಿ ಪ್ರಮೇಯಕ್ಕೆ ಸಾಧನೆ ಯಾಕೆ ಬೇಕು ಎಂದು ಮಕ್ಕಳಿಗೆ ಅನಿಸುವಂತೆ ಮಾಡುವುದು ಬಹಳ ಕಷ್ಟ. ಏಳನೇ ತರಗತಿಯಲ್ಲೇ ಗೊತ್ತಿದ್ದದ್ದನ್ನು ಮತ್ತೆ ಯಾಕೆ ಸಾಧಿಸಬೇಕು ಅನ್ನುತ್ತಾರೆ. ಆ ದಿನ ಮಕ್ಕಳಿಗೇ ಅದು ಬೇಕಾಗಿತ್ತು.

ಸಾಧನೆಯನ್ನು ಬರೆದು ಮುಗಿಸುವ ಮೊದಲೇ ಬೆಲ್ ಆಯಿತು. ಉಳಿದದ್ದು ಮುಂದಿನ ಅವಧಿಗೆ ಹೋಯಿತು. ಎ ಸೆಕ್ಷನ್ ಒಂದು ಅವಧಿಯಲ್ಲಿ ಮುಗಿಸಿದ್ದನ್ನು ಬಿ ಸೆಕ್ಷನ್ ಎರಡರಲ್ಲಿ ಮುಗಿಸಿತು. ಪಾಠ ಹಿಂದೆ ಬೀಳುತ್ತದೆ ಎಂಬ ಮೇಷ್ಟ್ರ ಆತಂಕ ನಿಜವಾದದ್ದು, ಎಸ್ಸೆಸ್ಸೆಲ್ಸಿ ಫಲಿತಾಂಶದ ಲೆಕ್ಕ ಕೊಡಬೇಕಾದವರು ಅವರು. ಎಲ್ಲ ಪಾಠಕ್ಕೂ ಹೀಗೆ ಎರಡು ಅವಧಿ ಕೊಡಲು ಆಗುವುದಿಲ್ಲ. ಯಾವ ಪಾಠಕ್ಕೆ ಕೊಡಬೇಕು ಎಂದು ಆರಿಸುವುದೇ ಶಿಕ್ಷಕರ ಕೆಲಸ, ಇದಕ್ಕೆ ಕೊಡಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ವಾರವೇ ಪ್ರಶಿಕ್ಷಣಾರ್ಥಿ ಎ ಸೆಕ್ಷನ್ನಿಗೆ ಹೋಗಿ, ಆ ಹುಡುಗಿಯನ್ನು ಕರೆದು, ಅವಳ ಲೆಕ್ಕ ಸರಿ ಇತ್ತು ಎಂದು ಎಲ್ಲರ ಮುಂದೆ ಹೇಳಿದರು. ಯಾಕೆ ಸರಿ ಎಂಬುದನ್ನು ಅವಳೇ ಬೋರ್ಡಿನಲ್ಲಿ ತೋರಿಸಿದಳು. ಹೀಗೆ ಹೋಗಿ ಹೇಳುವಂತೆ ನಾವ್ಯಾರೂ ಅವರಿಗೆ ಸೂಚಿಸಿರಲಿಲ್ಲ.

ಕಾಲೇಜಿನಲ್ಲಿ ಬದಲಾದದ್ದು, ಬದಲಾಗದ್ದು

ಈಗ ನಮ್ಮ ಗಣಿತ ವಿಭಾಗದಲ್ಲಿ ಕೆಲವು ರೂಢಿ ಮಾಡಿಕೊಂಡಿದ್ದೇವೆ. ಸೂಕ್ಷ್ಮ ಬೋಧನೆಯಲ್ಲಿ ಮಕ್ಕಳಾಗಿ ಕೂತವರಲ್ಲಿ ಒಬ್ಬರು ಪರದೆಯ ಮೇಲೆ ಕಂಡದ್ದನ್ನೆಲ್ಲ ಕೈಯಲ್ಲಿ ಲೆಕ್ಕ ಹಾಕಿ ನೋಡಲೇಬೇಕು. ತರಗತಿಗೆ ಒಯ್ಯುವ ಯಾವ ಫೈಲೇ ಆಗಲಿ, ಅದು ಎಲ್ಲಿ ದಾರಿ ತಪ್ಪಿಸಬಹುದು ಎಂದು ಪಾಠ ಯೋಜನೆಯಲ್ಲಿ ನಾಲ್ಕು ಸಾಲು ಬರೆಯಬೇಕು. ಕರೆಂಟ್ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಬರೆಯಬೇಕು. ವೀಕ್ಷಣೆಗೆ ಹೋದಾಗ ನಾವು ನಮೂನೆಯ ಹಿಂದಿನ ಖಾಲಿ ಪುಟದಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳನ್ನು, ಅವುಗಳಿಗೆ ಏನಾಯಿತು ಎಂಬುದನ್ನು ಬರೆದುಕೊಳ್ಳುತ್ತೇವೆ. ಪಾಠದ ನಂತರದ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಅಂಕದ ನಮೂನೆ ಮಾತ್ರ ಹಳೆಯದೇ. ಐಸಿಟಿ ಬಳಕೆ ಎಂಬ ಕಲಂ ಹಾಗೇ ಇದೆ. ಎ ಸೆಕ್ಷನ್ನಿನ ಪಾಠಕ್ಕೂ ಬಿ ಸೆಕ್ಷನ್ನಿನ ಪಾಠಕ್ಕೂ ಅದರಲ್ಲಿ ಸಮ ಅಂಕ ಬರುತ್ತದೆ. ಅಷ್ಟೇ ಏಕೆ, ಪ್ರೊಜೆಕ್ಟರ್ ಮಧ್ಯದಲ್ಲೇ ಆಫ್ ಮಾಡಿದ್ದಕ್ಕೆ ಬಿ ಸೆಕ್ಷನ್ನಿನ ಪಾಠಕ್ಕೆ ಒಂದು ಅಂಕ ಕಡಿಮೆಯಾದರೂ ಆಶ್ಚರ್ಯವಿಲ್ಲ. ಇದನ್ನು ಬದಲಿಸಬೇಕು ಎಂದು ಕೇಳುತ್ತಲೇ ಇದ್ದೇವೆ.

ಈ ವರ್ಷ ವಿಜ್ಞಾನದ ಪ್ರಶಿಕ್ಷಣಾರ್ಥಿಗಳೂ ಸೇರಿಕೊಂಡಿದ್ದಾರೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳಲ್ಲಿ ವಿದ್ಯುತ್ ಮಂಡಲ ಜೋಡಿಸುವುದು ಬಹಳ ಜನಪ್ರಿಯ. ಅಲ್ಲಿನ ಬ್ಯಾಟರಿಗೆ ಆಂತರಿಕ ರೋಧವನ್ನು ನಾವೇ ಹೊಂದಿಸದಿದ್ದರೆ ಎಷ್ಟು ಬಲ್ಬ್ ಸಮಾಂತರವಾಗಿ ಸೇರಿಸಿದರೂ ವೋಲ್ಟೇಜ್ ಕುಸಿಯುವುದಿಲ್ಲ. ಲ್ಯಾಬಿನ ಹಳೆಯ ಸೆಲ್ ಹಾಗಲ್ಲ, ಎರಡನೇ ಬಲ್ಬ್ ಹಾಕಿದ ಕೂಡಲೇ ಮೊದಲನೆಯದೂ ಮಂಕಾಗುತ್ತದೆ. ಸಮಾಜ ವಿಜ್ಞಾನದವರು ಮರ್ಕೇಟರ್ ಎಂಬ ಪ್ರಪಂಚದ ನಕ್ಷೆ ಹಿಡಿದಿದ್ದಾರೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಪರದೆ ಒಂದು ಹೇಳುವಾಗ ಕೈಯಲ್ಲಿರುವ ವಸ್ತು ಇನ್ನೊಂದು ಹೇಳುವ ಇಂಥ ಜಾಗಗಳನ್ನು ಅವರವರ ಪಠ್ಯಪುಸ್ತಕದಲ್ಲಿ ಹುಡುಕಿ, ಪಾಠ ಯೋಜನೆಯಲ್ಲಿ ಬರೆದು, ಇಂಟರ್ನ್‌ಶಿಪ್ ಶುರುವಾಗುವ ಮೊದಲು ನಮಗೆ ತೋರಿಸಬೇಕು ಎಂದು ಹೇಳಿದ್ದೇವೆ.